ಸೊಟ್ಟ ಕಾರು ಗೆದ್ದ ಕಥೆ



ಕಾರಿನ ರೇಸು ಅಂದ ಕೂಡಲೇ ನೆನಪಾಗೋದು ವೇಗ. ಆದರೆ ವೇಗ ಒಂದಿದ್ದರೆ ಸಾಲದು, ತಾಳಿಕೆಯೂ ಬೇಕು ಅನ್ನುವ ಓಟ ಒಂದಿದೆ. ಅದು ಫ್ರಾನ್ಸ್ ದೇಶದ ಲೆ ಮಾನ್ ಊರಿನಲ್ಲಿ ನಡೆಯುತ್ತದೆ. 1923ರಲ್ಲಿ ಶುರುವಾಯಿತು. ಅಲ್ಲಿ ಗೆದ್ದ ಒಂದು ಹಳೇ ಕಾರಿನ ಚರಿತ್ರೆ ನನಗೆ ಬಹಳ ಇಷ್ಟ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಓಟದ ನಿಯಮ ತಿಳಿಯೋಣ. ಓಟ ಪೂರ್ತಿ 24 ಗಂಟೆ, ಹಗಲೂ ರಾತ್ರಿ. ಅಷ್ಟರಲ್ಲಿ ಯಾವ ಕಾರು ಹೆಚ್ಚು ದೂರ ಹೋಗುತ್ತದೋ ಅದೇ ಗೆದ್ದಂತೆ. ಆ ಕಾಲದಲ್ಲಿ ಒಂದು ಕಾರಿಗೆ ಇಬ್ಬರು ಚಾಲಕರು, ಸರದಿಯ ಮೇಲೆ ಓಡಿಸಬೇಕು. ಆಗ ಒಂದು ಸುತ್ತು ಸುಮಾರು 17 ಕಿ.ಮೀ. ಇತ್ತು. ಕಾರು ಕೆಟ್ಟರೆ ಮೆಕ್ಯಾನಿಕ್ ಮುಟ್ಟುವ ಹಾಗಿರಲಿಲ್ಲ! ಕಾರಿನಲ್ಲೇ ಇಟ್ಟುಕೊಂಡಿದ್ದ ಸ್ಪ್ಯಾನರು, ಸುತ್ತಿಗೆಯಿಂದ ಚಾಲಕನೇ ರಿಪೇರಿ ಮಾಡಬೇಕಿತ್ತು.

ಈಗ ನಮ್ಮ ಕಾರು. ಹೆಸರು ಬೆಂಟ್ಲಿ, ಇಂಗ್ಲೆಂಡಿನದು. 3 ಲೀಟರ್ ಇಂಜಿನ್, ನಾಲ್ಕು ಸಿಲಿಂಡರು. ಪ್ರತಿ ಸಿಲಿಂಡರಿಗೆ ಎರಡೆರಡು ಪ್ಲಗ್ಗು. ಒಂದು ಕೈಕೊಟ್ಟರೂ ಇನ್ನೊಂದು ಕಿಡಿ ಹಾರಿಸುತ್ತದೆ. ತಾಳಿಕೆ ಅಂದರೆ ಇದೇ ಅಲ್ವಾ? 1926ರ ಓಟದಲ್ಲಿ ಇದರ ನಂಬರು 7. ಮುಗಿಯುವ ಹೊತ್ತಿಗೆ ತಿರುವಿನಲ್ಲಿ ಮರಳಿಗೆ ನುಗ್ಗಿ ಸಿಕ್ಕಿಕೊಂಡು ಸೋತಿತು. ಆಮೇಲೆ ಎಲ್ಲರೂ ಇದನ್ನು ‘ಓಲ್ಡ್ ನಂಬರ್ ಸೆವೆನ್’, ಅಂದರೆ ಹಳೇ ಏಳನೇ ನಂಬರು ಅಂತಲೇ ಕರೆದರು.

1927ರ ಜೂನ್ 18ರಂದು ಅದೇ ಕಾರು ಮತ್ತೆ ಬಂತು. ಚಾಲಕರೂ ಅವರೇ. ಒಬ್ಬರು ಸ್ಯಾಮಿ ಡೇವಿಸ್, ಪತ್ರಿಕೆಯಲ್ಲಿ ಬರೆಯುವವರು. ಇನ್ನೊಬ್ಬರು ಬೆಂಜಾಫೀಲ್ಡ್, ರೋಗಾಣುಗಳನ್ನು ಪರೀಕ್ಷಿಸುವ ಡಾಕ್ಟರು. ಒಟ್ಟು ಮೂರು ಬೆಂಟ್ಲಿ ಕಾರುಗಳು ಓಡುತ್ತಿದ್ದವು.

ಕತ್ತಲಾದ ಮೇಲೆ ‘ಬಿಳಿ ಮನೆ’ ಎಂಬ ತಿರುವಿನಲ್ಲಿ ಒಂದು ಫ್ರೆಂಚ್ ಕಾರು ರಸ್ತೆಗೆ ಅಡ್ಡ ನಿಂತುಬಿಟ್ಟಿತು. ಹಿಂದೆ ಬಂದ ಎರಡು ಬೆಂಟ್ಲಿಗಳು ಅಲ್ಲೇ ಅಪಘಾತಕ್ಕೆ ಸಿಕ್ಕಿ ಪುಡಿಯಾದವು. ಮೂರನೆಯದು ಡೇವಿಸರದು. ತಿರುವಿಗೆ ಮುಂಚೆ ರಸ್ತೆ ಮೇಲೆ ಮಣ್ಣು, ಮರದ ಚೂರು ಬಿದ್ದಿದ್ದನ್ನು ಅವರು ಕಂಡರು. ಏನೋ ಆಗಿದೆ ಅಂತ ವೇಗ ತಗ್ಗಿಸಿದರು. ಆದರೂ ಕಾರು ಅಡ್ಡಡ್ಡ ಜಾರಿ ಗುದ್ದಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಕಾರಿನ ಮುಂದಿನ ಅಚ್ಚು ಬಾಗಿತ್ತು, ಚಾಸಿ ತಿರುಚಿಕೊಂಡಿತ್ತು, ಒಂದು ದೀಪ ಒಡೆದಿತ್ತು. ಎತ್ತಿನ ಗಾಡಿಯ ಅಚ್ಚು ಬಾಗಿದರೇ ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಇನ್ನು ಕಾರಿನ ಗತಿ? ಡೇವಿಸ್ ನಿಧಾನಕ್ಕೆ ತಂಗುವ ಜಾಗಕ್ಕೆ ತಂದು ತಾವೇ ಬಗ್ಗಿಸಿ, ಬಡಿದು, ಕಟ್ಟಿ ಸರಿ ಮಾಡಿದರು. ಒಡೆದ ದೀಪದ ಬದಲು ಒಂದು ಬ್ಯಾಟರಿ ದೀಪ ಬಿಗಿದರು. ಮಳೆಯಲ್ಲಿ, ಸೊಟ್ಟ ಕಾರಿನಲ್ಲಿ ಇಬ್ಬರೂ ರಾತ್ರಿಯೆಲ್ಲ ಓಡಿಸಿದರು.

ಮುಂದೆ ಇದ್ದದ್ದು ಆರಿಯೆಸ್ ಎಂಬ ಫ್ರೆಂಚ್ ಕಾರು. ಬೆಂಟ್ಲಿಯವರು ಸ್ವಲ್ಪ ಸ್ವಲ್ಪವಾಗಿ ಅದರ ಹತ್ತಿರ ಬಂದರು. ಓಟಕ್ಕೆ ಎರಡು ಗಂಟೆಯೂ ಉಳಿದಿರಲಿಲ್ಲ, ಆಗ ಆರಿಯೆಸ್ ಇಂಜಿನ್ ಕೆಟ್ಟು ನಿಂತೇಹೋಯಿತು. ಸೊಟ್ಟ ಕಾರೇ ಗೆದ್ದಿತು! ಹೊರಟ 22 ಕಾರುಗಳಲ್ಲಿ ಕೊನೆ ಮುಟ್ಟಿದ್ದು ಏಳೇ. ಬೆಂಟ್ಲಿ ಹೋದ ದೂರ 2,369 ಕಿ.ಮೀ. ಇದನ್ನು 24ರಿಂದ ಭಾಗಿಸಿ ನೋಡಿ: ನಿಂತು ರಿಪೇರಿ ಮಾಡಿದ ಹೊತ್ತೂ ಸೇರಿ ಗಂಟೆಗೆ 98 ಕಿ.ಮೀ.ಗೂ ಹೆಚ್ಚು! ಎರಡನೇ ಕಾರು ಸುಮಾರು 350 ಕಿ.ಮೀ. ಹಿಂದೆ ಇತ್ತು.

ಆಮೇಲೆ ಲಂಡನ್ನಿನ ಸಾವಾಯ್ ಎಂಬ ದೊಡ್ಡ ಹೋಟೆಲಿನಲ್ಲಿ ಗೆದ್ದವರಿಗೆ ಔತಣ ಕೊಟ್ಟರು. ಆ ಔತಣಕ್ಕೆ ಕಾರನ್ನೂ ಒಳಗೆ ತಂದು ನಿಲ್ಲಿಸಿ ಮರ್ಯಾದೆ ಮಾಡಿದರಂತೆ.

ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಔತಣವಲ್ಲ. ರಸ್ತೆ ಮೇಲಿನ ಒಂದು ಹಿಡಿ ಮಣ್ಣನ್ನು ನೋಡಿ ವೇಗ ತಗ್ಗಿಸಿದರಲ್ಲ, ಆ ಒಂದು ಕ್ಷಣ. ಅಲ್ಲಿ ತಗ್ಗಿಸಿದ್ದರಿಂದಲೇ ಕೊನೆಯವರೆಗೆ ಓಡಲು ಆಯಿತು.