ತೆಗೆದ ಲೋಹ ಮರಳದು: ಗಾಲ್ಫ್ ವೆಜ್‌ನ ಅಡಿಯನ್ನು ಆಟಗಾರನಿಗೆ ತಕ್ಕಂತೆ ಸಾಣೆ ಹಿಡಿಸುವ ಮುನ್ನ

ಕತ್ತಿ ಮಾಡಿಸಲು ಕುಲುಮೆಗೆ ಹೋದವರನ್ನು ಅನುಭವಿ ಕಮ್ಮಾರ ಮೊದಲು ವಿಚಾರಿಸುವುದು ಕೆಲಸದ ಬಗ್ಗೆ. ಸೊಪ್ಪು ಸವರುವುದಕ್ಕೋ, ಸೌದೆ ಕಡಿಯುವುದಕ್ಕೋ? ಹಿಡಿಯುವವರು ಬಲಗೈಯವರೋ, ಎಡಗೈಯವರೋ? ಉತ್ತರ ತಿಳಿದ ಮೇಲೆಯೇ ಬಾಯಿಯ ಬಾಗು ಮತ್ತು ತೂಕ ನಿರ್ಧಾರವಾಗುತ್ತವೆ. ಗಾಲ್ಫ್ ಆಟದಲ್ಲಿ ‘ವೆಜ್’ ಎಂಬ ಕೋಲನ್ನು ಆಟಗಾರನ ಕೈಗೂ ನೆಲಕ್ಕೂ ಒಪ್ಪುವಂತೆ ಮಾಡಿಸಿಕೊಳ್ಳುವ ಪದ್ಧತಿಯ ತಿರುಳೂ ಇದೇ ಆಗಿದೆ.

ಗಾಲ್ಫ್ ಎಂದರೆ ನಮಗೆ ಸಂಬಂಧಿಸದ ಆಟವೆಂಬ ಭಾವನೆ ಕನ್ನಡ ಶಾಲೆಗಳ ಅನೇಕ ಕುಟುಂಬಗಳಲ್ಲಿದೆ. ಆದರೆ ನೀಲಗಿರಿಯ ಉದಕಮಂಡಲದಲ್ಲಿಯೂ ವೆಲ್ಲಿಂಗ್ಟನ್‌ನಲ್ಲಿಯೂ ಈ ಆಟದ ಹಳೆಯ ಮೈದಾನಗಳಿವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಗಳಿಸಿದಾಗ ಇಡೀ ದೇಶವೇ ಗಾಲ್ಫ್‌ನತ್ತ ಕಣ್ಣು ಹಾಯಿಸಿತು. ಬಲು ದೂರ ಹೊಡೆಯುವ ಆಟಗಾರ್ತಿಯರ ನಡುವೆ ಅವರನ್ನು ಎತ್ತಿ ಹಿಡಿದದ್ದು ಗುರಿಯ ಸಮೀಪದ ಆಟ. ಅಂತಹ ಸಮೀಪದ ಆಟಕ್ಕೆ ಬೇಕಾದ ಮುಖ್ಯ ಸಾಧನಗಳಲ್ಲಿ ಒಂದು ವೆಜ್. ಮಗುವೊಂದು ಈ ಆಟದಲ್ಲಿ ತುಸು ಮುಂದುವರಿದೊಡನೆ ‘ಹೇಳಿ ಮಾಡಿಸಿದ ವೆಜ್ ಕೊಡಿಸಿ’ ಎಂಬ ಸಲಹೆ ಹೆತ್ತವರ ಕಿವಿಗೆ ಬೀಳಬಹುದು. ಹಣ ಕೊಡುವ ಮುನ್ನ, ಹಾಗೆ ಮಾಡಿಸುವುದೆಂದರೆ ಏನನ್ನು ಮಾಡಿಸುವುದು ಎಂದು ತಿಳಿದಿರುವುದು ಒಳಿತು.

ಬೆಣೆಯಿಂದ ಬಂದ ಹೆಸರು

ನಿಯಮದ ಪ್ರಕಾರ ಆಟಗಾರನು ಒಂದು ಸುತ್ತಿನಲ್ಲಿ ಗರಿಷ್ಠ 14 ಕೋಲುಗಳನ್ನು ಒಯ್ಯಬಹುದು. ಇವುಗಳಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವೆಜ್‌ಗಳಿರುತ್ತವೆ. ಇಂಗ್ಲಿಷಿನಲ್ಲಿ ಈ ಪದದ ಅರ್ಥ ಬೆಣೆ. ವಿಜ್ಞಾನ ಪಾಠದ ಸರಳ ಯಂತ್ರಗಳ ಪಟ್ಟಿಯಲ್ಲಿ ಮಕ್ಕಳು ಓದುವ ಬೆಣೆಯೇ ಇದು. ಕೋಲಿನ ತಲೆಯ ಮುಖವು ಹಿಂದಕ್ಕೆ ವಾಲಿರುವುದರಿಂದ ಅದು ಚೆಂಡಿನ ಕೆಳಭಾಗಕ್ಕೆ ಬೆಣೆಯಂತೆ ನುಗ್ಗಿ ಚೆಂಡನ್ನು ಎತ್ತರಕ್ಕೆ ಎಸೆಯುತ್ತದೆ. ಮುಖ ಹೀಗೆ ವಾಲಿರುವ ಕೋನಕ್ಕೆ ‘ಲಾಫ್ಟ್’ ಎನ್ನುತ್ತಾರೆ. ಪಿಚಿಂಗ್ ವೆಜ್‌ಗೆ ಸುಮಾರು 44ರಿಂದ 48 ಡಿಗ್ರಿ, ಗ್ಯಾಪ್ ವೆಜ್‌ಗೆ 50ರಿಂದ 52, ಸ್ಯಾಂಡ್ ವೆಜ್‌ಗೆ 54ರಿಂದ 58, ಲಾಬ್ ವೆಜ್‌ಗೆ 58ರಿಂದ 64 ಡಿಗ್ರಿ ಲಾಫ್ಟ್ ಇರುವುದು ರೂಢಿ. ಲಾಫ್ಟ್ ಹೆಚ್ಚಿದಂತೆ ಚೆಂಡು ಹೆಚ್ಚು ಎತ್ತರಕ್ಕೇರಿ ಕಡಮೆ ದೂರ ಸಾಗುತ್ತದೆ.

ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಈ ಸಂಖ್ಯೆಯನ್ನೇ. ಆದರೆ ಒಂದೇ ಲಾಫ್ಟ್ ಉಳ್ಳ ಎರಡು ವೆಜ್‌ಗಳು ಒಂದೇ ಕೈಯಲ್ಲಿ ಬೇರೆ ಬೇರೆಯಾಗಿ ವರ್ತಿಸಬಲ್ಲವು. ಅದಕ್ಕೆ ಕಾರಣ ಅವುಗಳ ಅಡಿಯಲ್ಲಿದೆ.

ಅಡಿಗೆ ಬೆಸುಗೆ ಹಾಕಿದ ಆಟಗಾರ

1930ರ ದಶಕದ ಆರಂಭದವರೆಗೆ ಬಂಕರ್‌ನಿಂದ, ಅಂದರೆ ಮೈದಾನದ ಮರಳುಗುಂಡಿಯಿಂದ, ಚೆಂಡನ್ನು ಹೊರತೆಗೆಯುವುದು ಬಹಳ ಪ್ರಯಾಸದ ಕೆಲಸವಾಗಿತ್ತು. ಆಗಿನ ಕೋಲುಗಳ ಮುನ್ನಂಚು ತೆಳುವಾಗಿತ್ತು. ಮರಳಿಗೆ ಬಿದ್ದೊಡನೆ ಅದು ಆಳಕ್ಕೆ ಹೂತುಹೋಗುತ್ತಿತ್ತು. ಮುಖವನ್ನು ಸೌಟಿನಂತೆ ತಗ್ಗಾಗಿಸಿದ ಕೋಲುಗಳು ಬಳಕೆಗೆ ಬಂದವಾದರೂ 1931ರಲ್ಲಿ ಅವನ್ನು ನಿಷೇಧಿಸಲಾಯಿತು.

ಅಮೆರಿಕದ ಜೀನ್ ಸಾರಾಜೆನ್ ಮುಖವನ್ನು ಬಿಟ್ಟು ಅಡಿಯತ್ತ ಗಮನ ಹರಿಸಿದರು. ವಿಮಾನವು ಮೇಲೇರುವಾಗ ಅದರ ಬಾಲ ಕೆಳಗಿಳಿಯುವುದನ್ನು ಕಂಡು ತಮಗೆ ಈ ಯೋಚನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಕೋಲಿನ ಅಡಿಯ ಹಿಂಭಾಗಕ್ಕೆ ಲೋಹದ ಬೆಸುಗೆ ಹಾಕಿ, ಹಿನ್ನಂಚು ಮುನ್ನಂಚಿಗಿಂತ ಕೆಳಗಿರುವಂತೆ ಅವರು ಅರ ಹಾಕಿ ತಿದ್ದಿದರು. ಈಗ ಮರಳಿಗೆ ಮೊದಲು ತಾಗುವುದು ದುಂಡಗಿನ ಹಿಂಭಾಗ. ಕೋಲು ಹೂತುಹೋಗದೆ ಮರಳಿನ ಮೇಲ್ಪದರದಲ್ಲಿ ಜಾರಿ, ಚೆಂಡನ್ನು ಒಂದಿಷ್ಟು ಮರಳಿನೊಂದಿಗೆ ಮೇಲಕ್ಕೆತ್ತಿತು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ನಡೆದ ಬ್ರಿಟಿಷ್ ಓಪನ್ ಪಂದ್ಯಾವಳಿಯನ್ನು ಅವರು ಗೆದ್ದಾಗ ಆ ಕೋಲು ಅವರ ಚೀಲದಲ್ಲಿತ್ತು. ಇಂದಿನ ಸ್ಯಾಂಡ್ ವೆಜ್‌ನ ಮೂಲರೂಪ ಅದು. ಒಬ್ಬ ಆಟಗಾರ ತನ್ನ ತೊಂದರೆಯನ್ನು ಅರಿತು ಕೋಲಿನ ಅಡಿಯನ್ನು ತಾನೇ ತಿದ್ದಿಕೊಂಡದ್ದರಿಂದ ಅದು ಹುಟ್ಟಿತು.

ಬೌನ್ಸ್ ಎಂದರೇನು?

ಅಡಿಯ ಈ ಗುಣವನ್ನು ‘ಬೌನ್ಸ್’ ಎಂದು ಕರೆಯುತ್ತಾರೆ. ಕೋಲನ್ನು ನೆಲದ ಮೇಲೆ ನೇರವಾಗಿ ಇಟ್ಟಾಗ ಮುನ್ನಂಚು ನೆಲಕ್ಕಿಂತ ತುಸು ಮೇಲಿದ್ದು, ಅಡಿಯ ಹಿಂಭಾಗ ನೆಲಕ್ಕೆ ತಾಗಿರುತ್ತದೆ. ಆ ಅಡಿಯ ಇಳಿಜಾರಿಗೂ ನೆಲಕ್ಕೂ ನಡುವಿನ ಕೋನವೇ ಬೌನ್ಸ್. 4ರಿಂದ 6 ಡಿಗ್ರಿ ಇದ್ದರೆ ಕಡಮೆ, 7ರಿಂದ 10 ಇದ್ದರೆ ಮಧ್ಯಮ, ಅದಕ್ಕಿಂತ ಮೇಲಾದರೆ ಹೆಚ್ಚು ಎಂದು ಸಾಮಾನ್ಯವಾಗಿ ವಿಂಗಡಿಸುತ್ತಾರೆ.

ಬಡಗಿಯ ಉಳಿಯನ್ನು ಗಮನಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಉಳಿಯ ಚಪ್ಪಟೆ ಬದಿಯನ್ನು ಕೆಳಗಿಟ್ಟು ಓರೆಯಾಗಿ ತಳ್ಳಿದರೆ ಅದು ಮರದೊಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಸಾಣೆ ಹಿಡಿದ ಇಳಿಜಾರು ಬದಿಯನ್ನು ಕೆಳಗಿಟ್ಟರೆ ಆ ಇಳಿಜಾರಿನ ಆಧಾರದ ಮೇಲೆ ಉಳಿ ಮೇಲಕ್ಕೆ ಬರುತ್ತದೆ. ಕಡಮೆ ಬೌನ್ಸ್‌ನ ವೆಜ್ ಮೊದಲನೆಯದರಂತೆ ಅಗೆಯುತ್ತದೆ. ಹೆಚ್ಚು ಬೌನ್ಸ್‌ನದು ಎರಡನೆಯದರಂತೆ ಮೇಲೆ ಬರುತ್ತದೆ.

ಆದ್ದರಿಂದ ಸಡಿಲ ಮರಳು, ಮಳೆಯಿಂದ ಮೆತ್ತಗಾದ ಮಣ್ಣು ಮತ್ತು ಕೋಲನ್ನು ಕಡಿದಾಗಿ ಇಳಿಸಿ ಹೊಡೆಯುವ ಕೈ – ಇವುಗಳಿಗೆ ಹೆಚ್ಚು ಬೌನ್ಸ್ ನೆರವಾಗುತ್ತದೆ. ಗಟ್ಟಿ ನೆಲ, ತೆಳು ಹುಲ್ಲು ಮತ್ತು ನೆಲವನ್ನು ಸವರಿದಂತೆ ಹೊಡೆಯುವ ಕೈಗೆ ಕಡಮೆ ಬೌನ್ಸ್ ಒಪ್ಪುತ್ತದೆ. ಗಟ್ಟಿ ನೆಲದಲ್ಲಿ ಹೆಚ್ಚು ಬೌನ್ಸ್‌ನ ಕೋಲು ಪುಟಿದು, ಮುನ್ನಂಚು ಚೆಂಡಿನ ನಡುವಿಗೆ ಬಡಿಯುವ ಅಪಾಯವಿದೆ. ಜೂನ್ ಮಳೆಯ ನೆಲವೂ ಫೆಬ್ರವರಿ ಬಿಸಿಲಿನ ನೆಲವೂ ಒಂದೇ ಆಗಿರುವುದಿಲ್ಲ. ಆದುದರಿಂದ ಅನೇಕ ಆಟಗಾರರು ತಮ್ಮ ಎರಡು ವೆಜ್‌ಗಳಲ್ಲಿ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಮೆ ಬೌನ್ಸ್ ಇರಿಸಿಕೊಳ್ಳುತ್ತಾರೆ.

ಸಾಣೆಯ ಬಗೆಗಳು

ಬೌನ್ಸ್ ಒಂದೇ ಸಂಖ್ಯೆಯಲ್ಲಿ ಹೇಳುವ ಮಾತು. ಅಡಿಯಾದರೋ ಅಗಲವೂ ಬಾಗೂ ಉಳ್ಳ ಒಂದು ಮೇಲ್ಮೈ. ಅದರ ಯಾವ ಭಾಗದಲ್ಲಿ ಎಷ್ಟು ಲೋಹವನ್ನು ಅರೆದು ತೆಗೆಯಲಾಗಿದೆ ಎಂಬುದಕ್ಕೆ ‘ಗ್ರೈಂಡ್’ ಎನ್ನುತ್ತಾರೆ. ಕೋಲಿನ ಕಾವಿಗೆ ಹತ್ತಿರದ ಭಾಗ ಹಿಮ್ಮಡಿ, ಆಚೆಯ ತುದಿ ಕಾಲ್ಬೆರಳು ಎಂದು ಆಟದ ಪರಿಭಾಷೆ. ಹಿಮ್ಮಡಿಯ ಲೋಹ ತೆಗೆದರೆ, ಮುಖವನ್ನು ತೆರೆದು ಹಿಡಿದಾಗಲೂ ಮುನ್ನಂಚು ನೆಲಕ್ಕೆ ಹತ್ತಿರವೇ ಉಳಿಯುತ್ತದೆ. ಹಿನ್ನಂಚಿನ ಲೋಹ ತೆಗೆದರೆ ಕೋಲು ಹುಲ್ಲಿನಿಂದ ಬೇಗ ಬಿಡಿಸಿಕೊಳ್ಳುತ್ತದೆ. ಮುನ್ನಂಚನ್ನು ದುಂಡಾಗಿಸಿದರೆ ಅದು ನೆಲಕ್ಕೆ ಚುಚ್ಚಿಕೊಳ್ಳುವುದು ಕಡಮೆಯಾಗುತ್ತದೆ.

ಈ ಕೌಶಲದಲ್ಲಿ ಹೆಸರಾದವರು ಕೆನಡಾದ ಮಾಂಟ್ರಿಯಲ್‌ನಲ್ಲಿ ಜನಿಸಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಬಾಬ್ ವೋಕಿ. 1996ರಲ್ಲಿ ಟೈಟ್ಲಿಸ್ಟ್ ಸಂಸ್ಥೆಯನ್ನು ಸೇರಿದ ಅವರು ವೃತ್ತಿಪರ ಆಟಗಾರರಿಗಾಗಿ ತಿದ್ದಿದ ಅಡಿಗಳು ಕ್ರಮೇಣ ಅಕ್ಷರಗಳ ಹೆಸರು ಪಡೆದು ಮಾರುಕಟ್ಟೆಗೆ ಬಂದವು. ‘ಎಫ್’ ಎಂಬುದು ಹೆಚ್ಚು ತಿದ್ದದ ಪೂರ್ಣ ಅಡಿ. ಮುಖವನ್ನು ನೇರವಾಗಿಟ್ಟು ಹೊಡೆಯುವವರಿಗೆ ಹೊಂದುತ್ತದೆ. ‘ಎಮ್’ನಲ್ಲಿ ಹಿಮ್ಮಡಿ, ಕಾಲ್ಬೆರಳು, ಹಿನ್ನಂಚು ಮೂರೂ ಕಡೆ ಲೋಹ ತೆಗೆದಿರುತ್ತದೆ, ಮುಖವನ್ನು ಬಗೆಬಗೆಯಾಗಿ ತಿರುಗಿಸಿ ಆಡುವವರಿಗೆ ಅದು ಅನುಕೂಲ. ‘ಕೆ’ ಅಗಲವಾದ, ಹೆಚ್ಚು ಬೌನ್ಸ್‌ನ ಅಡಿ, ಮರಳಿಗೆ ಒಳ್ಳೆಯದು. ‘ಎಲ್’ ಕಡಮೆ ಬೌನ್ಸ್‌ನದು. ಗಟ್ಟಿ ನೆಲಕ್ಕೆ ಸರಿ, ಆದರೆ ಪಳಗಿದ ಕೈ ಬೇಡುತ್ತದೆ. ಜಪಾನಿನ ಹಿಮೇಜಿಯ ಕತ್ಸುಹಿರೊ ಮಿಯುರಾ ಅವರಂತಹ ಕುಶಲಿಗಳ ಕಾರ್ಯಾಗಾರಗಳೂ ಬಡಿದು ರೂಪಿಸಿದ ಉಕ್ಕಿನ ತಲೆಗಳಿಗೆ ಪ್ರಸಿದ್ಧವಾಗಿವೆ.

ಈ ಸಿದ್ಧ ಬಗೆಗಳಲ್ಲಿ ಯಾವುದೂ ಒಗ್ಗದಿದ್ದಾಗ ಮಾತ್ರ ಕೈಯಿಂದ ಪ್ರತ್ಯೇಕವಾಗಿ ಸಾಣೆ ಹಿಡಿಸುವ ಮಾತು ಬರುತ್ತದೆ. ತಿರುಗುವ ಸಾಣೆಪಟ್ಟಿಗೆ ತಲೆಯನ್ನು ಒತ್ತಿ, ಸ್ವಲ್ಪ ಸ್ವಲ್ಪವೇ ಲೋಹ ತೆಗೆಯುತ್ತ, ಮಧ್ಯೆ ಮಧ್ಯೆ ತೂಗುತ್ತ ಕುಶಲಿಯು ಕೆಲಸ ಮುಗಿಸುತ್ತಾನೆ.

ಅಳತೆ ಮೊದಲು, ಸಾಣೆ ಆಮೇಲೆ

ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಬಟ್ಟೆ ಸಡಿಲವಾದರೆ ದರ್ಜಿಯು ಮತ್ತೆ ಹೊಲಿದುಕೊಡಬಹುದು. ಅರೆದು ತೆಗೆದ ಉಕ್ಕನ್ನು ಹಾಗೆ ಮರಳಿ ಸೇರಿಸುವುದು ಸುಲಭವಲ್ಲ. ತಪ್ಪಾದರೆ ಬಹುತೇಕ ಹೊಸ ತಲೆಯೇ ಬೇಕು. ಆದುದರಿಂದ ಸಾಣೆಗೆ ಮೊದಲು ಆಟಗಾರನ ಹೊಡೆತವನ್ನು ಅಳೆಯಬೇಕು.

ಮೊದಲ ಸಾಕ್ಷಿ ನೆಲವೇ. ಹೊಡೆತದಿಂದ ಎದ್ದ ಹುಲ್ಲಿನ ಹೆಂಟೆ ದಪ್ಪವೂ ಆಳವೂ ಆಗಿದ್ದರೆ ಕೈ ಕಡಿದಾಗಿ ಇಳಿಯುತ್ತಿದೆ. ನೆಲ ಬರಿದೇ ಸವರಿದಂತಿದ್ದರೆ ಸಮತಲವಾಗಿ ಸಾಗುತ್ತಿದೆ. ಎರಡನೆಯ ಸಾಕ್ಷಿ ಹಳೆಯ ವೆಜ್‌ನ ಅಡಿ. ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿ ನೆಲ ತಾಗುತ್ತಿದೆ. ಅಡಿಗೆ ಪಟ್ಟಿ ಅಂಟಿಸಿ ಗಟ್ಟಿ ಹಲಗೆಯ ಮೇಲಿಂದ ಹೊಡೆಸಿದರೂ ಈ ಗುರುತು ಸಿಗುತ್ತದೆ. ಗುರುತು ಹಿಮ್ಮಡಿಯ ಕಡೆ ಅಥವಾ ಕಾಲ್ಬೆರಳಿನ ಕಡೆ ಸರಿದಿದ್ದರೆ, ಕಾವು ನೆಲದೊಂದಿಗೆ ಮಾಡುವ ಕೋನವನ್ನು ಮೊದಲು ಸರಿಪಡಿಸಬೇಕು. ವೆಜ್‌ಗಳಲ್ಲಿ ಈ ಕೋನ ಸುಮಾರು 64 ಡಿಗ್ರಿ ಇರುತ್ತದೆ. ಅದನ್ನು ತಿದ್ದದೆ ಅಡಿಗೆ ಸಾಣೆ ಹಿಡಿಸಿದರೆ ರೋಗ ಒಂದು, ಮದ್ದು ಇನ್ನೊಂದು ಎಂಬಂತಾಗುತ್ತದೆ.

ಲೆಕ್ಕವೂ ಉಂಟು. 56 ಡಿಗ್ರಿ ಲಾಫ್ಟ್ ಮತ್ತು 10 ಡಿಗ್ರಿ ಬೌನ್ಸ್ ಉಳ್ಳ ವೆಜ್‌ನ ಕೊರಳನ್ನು ಬಾಗಿಸಿ ಲಾಫ್ಟನ್ನು 54ಕ್ಕೆ ಇಳಿಸಿದರೆ ಬೌನ್ಸ್ ಕೂಡ 8ಕ್ಕೆ ಇಳಿಯುತ್ತದೆ. ಹೊಡೆಯುವಾಗ ಕೈಗಳು ಚೆಂಡಿಗಿಂತ ಮುಂದಿದ್ದು ಕಾವು 5 ಡಿಗ್ರಿ ಮುಂದಕ್ಕೆ ವಾಲಿದರೆ, ಆ ಕ್ಷಣದಲ್ಲಿ 10 ಡಿಗ್ರಿ ಬೌನ್ಸ್ ಕೆಲಸ ಮಾಡುವುದು 5ರಷ್ಟು ಮಾತ್ರ. ಮುಖವನ್ನು ತೆರೆದು ಹಿಡಿದರೆ ಅದು ಮತ್ತೆ ಹೆಚ್ಚುತ್ತದೆ. ಅಂದರೆ ಕೋಲಿನ ಮೇಲೆ ಕೊರೆದ ಸಂಖ್ಯೆಗಿಂತ, ಆಟಗಾರನ ಕೈಯಲ್ಲಿ ಅದು ಏನಾಗುತ್ತದೆ ಎಂಬುದೇ ಮುಖ್ಯ. ಕೆಲವು ಅಭ್ಯಾಸಗಳನ್ನು ತಿದ್ದಿಕೊಂಡರೆ ಸಾಣೆಯ ಅಗತ್ಯವೇ ಬಾರದಿರಬಹುದು.

ತೂಕವನ್ನೂ ನೋಡಬೇಕು. ವೆಜ್‌ನ ತಲೆ ಸುಮಾರು 300 ಗ್ರಾಂ ತೂಗುತ್ತದೆ. ಅದರಿಂದ 2 ಗ್ರಾಂ ಹೋದರೂ ಕೋಲನ್ನು ಬೀಸುವಾಗಿನ ಭಾರದ ಅನುಭವ ಒಂದು ಮೆಟ್ಟಿಲು ಇಳಿಯುತ್ತದೆ. ಅರೆದ ಮೇಲೆ ಆ ತೂಕವನ್ನು ಸೀಸದ ಪಟ್ಟಿ ಮುಂತಾದವುಗಳಿಂದ ಸರಿದೂಗಿಸುತ್ತಾರೆಯೇ ಎಂದು ಕೇಳಬೇಕು. ಕ್ರೋಮ್ ಲೇಪ ಇರುವ ವೆಜ್‌ಗೆ ಸಾಣೆ ಹಿಡಿದರೆ ಆ ಭಾಗದ ಲೇಪ ಹೋಗುತ್ತದೆ. ಒಳಗಿರುವುದು ಇಂಗಾಲದ ಉಕ್ಕಾದರೆ ಅದು ತುಕ್ಕು ಹಿಡಿಯುತ್ತದೆ.

ನಿಯಮದ ಗಡಿ

ಅಡಿಯನ್ನು ತಿದ್ದುವುದಕ್ಕೆ ಆಟದ ನಿಯಮಗಳು ಅವಕಾಶ ನೀಡುತ್ತವೆ. ಆದರೆ ಸುತ್ತು ನಡೆಯುತ್ತಿರುವಾಗ ಕೋಲಿನ ಗುಣವನ್ನು ಉದ್ದೇಶಪೂರ್ವಕವಾಗಿ ಬದಲಿಸಿ ಅದರಿಂದ ಹೊಡೆದರೆ ಆಟಗಾರ ಅನರ್ಹನಾಗುತ್ತಾನೆ. ಮುಖದ ಮೇಲಿನ ಗೀರುಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ: ಅಗಲ 0.9 ಮಿ.ಮೀ., ಆಳ 0.508 ಮಿ.ಮೀ. ಮೀರುವಂತಿಲ್ಲ. 2010ರಿಂದ ಜಾರಿಗೆ ಬಂದ ನಿಯಮವು ಗೀರುಗಳ ಅಂಚು ಎಷ್ಟು ಹರಿತವಾಗಿರಬಹುದು ಎಂಬುದಕ್ಕೂ ಮಿತಿ ಹಾಕಿದೆ. ಆದ್ದರಿಂದ ಗೀರುಗಳನ್ನೂ ಹರಿತಗೊಳಿಸಿಕೊಡುವೆವು ಎಂದು ಯಾರಾದರೂ ಹೇಳಿದರೆ ಎಚ್ಚರ ವಹಿಸಬೇಕು. ಅಂತಹ ಕೋಲು ಸ್ಪರ್ಧೆಯಲ್ಲಿ ನಿಯಮಬಾಹಿರವಾಗಬಹುದು.

ಕುಟುಂಬಗಳು ತಿಳಿದಿರಬೇಕಾದುದು

ಬೆಳೆಯುವ ಮಗುವಿನ ಎತ್ತರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅದರೊಂದಿಗೆ ಹೊಡೆತದ ಇಳಿಜಾರೂ ಬದಲಾಗುತ್ತದೆ. ಇಂದಿನ ಕೈಗೆ ತಕ್ಕಂತೆ ತಿದ್ದಿದ ಅಡಿ ಎರಡು ವರ್ಷಗಳ ಅನಂತರ ಬೇರೊಬ್ಬರ ಕೋಲಿನಂತೆ ಆಗಬಹುದು. ಅಲ್ಲದೆ ಮುಖದ ಗೀರುಗಳು ಬಳಕೆಯಿಂದ ಸವೆಯುತ್ತವೆ. ಎಷ್ಟೇ ಮುತುವರ್ಜಿಯಿಂದ ಮಾಡಿಸಿದರೂ ವೆಜ್ ಶಾಶ್ವತವಲ್ಲ. ಕಲಿಕೆಯ ಹಂತದಲ್ಲಿ ಮಧ್ಯಮ ಬೌನ್ಸ್‌ನ ಒಂದು ಸಾಧಾರಣ ಸ್ಯಾಂಡ್ ವೆಜ್, ಅದು ಬಳಸಿದ್ದೇ ಆಗಿರಲಿ, ಸಾಕು. ಮಗುವಿನ ಎತ್ತರಕ್ಕೆ ಸರಿಯಾದ ಉದ್ದ ಮತ್ತು ಹಿಡಿ ಇರುವುದು ಆಗ ಹೆಚ್ಚು ಅಗತ್ಯ.

ಹೆಸರಾಂತ ಆಟಗಾರರ ಅಡಿಯನ್ನು ನಕಲು ಮಾಡುವುದೂ ಜಾಣತನವಲ್ಲ. ಟೈಗರ್ ವುಡ್ಸ್ ಬಳಸುವ ಮಾದರಿಯ ಅಡಿಯುಳ್ಳ ವೆಜ್‌ಗಳನ್ನು ಟೇಲರ್‌ಮೇಡ್ ಸಂಸ್ಥೆ ಮಾರಾಟಕ್ಕೆ ತಂದಿದೆ. ಆದರೆ ಆ ಅಡಿ ರೂಪುಗೊಂಡದ್ದು ಅವರ ಕೈಗೆ, ಅವರ ಹೊಡೆತಕ್ಕೆ.

ಮಗು ಪೂರ್ಣ ಬೆಳೆದು, ಹೊಡೆತ ಸ್ಥಿರವಾಗಿ, ಸ್ಪರ್ಧೆಯ ಹಂತ ತಲುಪಿದ ಮೇಲೆ ಒಂದು ಕ್ರಮ ಅನುಸರಿಸಬಹುದು. ಮೊದಲು ಪಿಚಿಂಗ್ ವೆಜ್‌ನ ಲಾಫ್ಟ್ ತಿಳಿದುಕೊಂಡು ಉಳಿದವುಗಳ ಅಂತರ ನಿಶ್ಚಯಿಸಬೇಕು. ಅದು 46 ಆದರೆ 50, 54, 58 ಎಂದು ನಾಲ್ಕು ಡಿಗ್ರಿಗಳ ಮೆಟ್ಟಿಲು ಮಾಡಬಹುದು. ಬಳಿಕ ಸಿದ್ಧ ಗ್ರೈಂಡ್‌ಗಳನ್ನು ಹುಲ್ಲಿನ ಮೇಲೆಯೂ ಮರಳಿನಲ್ಲಿಯೂ ಆಡಿ ನೋಡಬೇಕು. ಆಮೇಲೂ ಕೊರತೆ ಕಂಡರೆ ಮಾತ್ರ ಸಾಣೆ. ಅದೂ ಮೊದಲು ಒಂದೇ ವೆಜ್‌ಗೆ, ಬೇಕೆನಿಸಿದ್ದಕ್ಕಿಂತ ತುಸು ಕಡಮೆ. ಮತ್ತಷ್ಟು ತೆಗೆಯಲು ನಾಳೆಯೂ ಅವಕಾಶವಿದೆ. ಕೆಲಸ ಮುಗಿದ ಮೇಲೆ ಲಾಫ್ಟ್, ಬೌನ್ಸ್, ಕಾವಿನ ಕೋನ, ಉದ್ದ, ತೂಕ ಇವುಗಳನ್ನು ಬರೆಸಿ ಇಟ್ಟುಕೊಳ್ಳಬೇಕು. ವೆಜ್ ಸವೆದ ದಿನ ಅಂತಹದೇ ಮತ್ತೊಂದನ್ನು ಮಾಡಿಸಲು ಆ ಕಾಗದವೇ ಆಧಾರ.

ಸಾರಾಜೆನ್ ಅವರು ತಮ್ಮ ಕೋಲನ್ನು ತಿದ್ದಿದ್ದು ಮರಳಿನಲ್ಲಿ ತಾವು ಎಲ್ಲಿ ಎಡವುತ್ತಿದ್ದೇವೆ ಎಂಬುದನ್ನು ಚೆನ್ನಾಗಿ ಅರಿತ ಮೇಲೆಯೇ. ಆ ಅರಿವಿಗೆ ಹಣ ಬೇಕಿಲ್ಲ. ಒಂದು ಹಳೆಯ ವೆಜ್, ಒಂದಿಷ್ಟು ಮೆತ್ತನೆಯ ನೆಲ, ಪ್ರತಿ ಹೊಡೆತದ ಗುರುತನ್ನು ಬಗ್ಗಿ ನೋಡುವ ತಾಳ್ಮೆ ಇದ್ದರೆ ಸಾಕು.