ಬೆನ್ನೊಳಗಿನ ನಳಿಕೆ, ರೋಗಿಯ ಮಾತು

ಹೊಟ್ಟೆ, ಸೊಂಟ, ತೊಡೆಗಳ ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಎಪಿಡ್ಯೂರಲ್ ವಿಧಾನವನ್ನು ಪೂರ್ಣ ಅರಿವಳಿಕೆಯೊಂದಿಗೆ, ಇಲ್ಲವೇ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ನೇರವಾಗಿ ಮದ್ದು ಕೊಡುವ ಸ್ಪೈನಲ್‌ನೊಂದಿಗೆ ಜೋಡಿಸುವುದುಂಟು. ಇದು ಸಂಯುಕ್ತ ಅರಿವಳಿಕೆ. ಆ ದ್ರವವನ್ನು ಹಿಡಿದಿಟ್ಟ ಡ್ಯೂರಾ ಎಂಬ ಪೊರೆಯ ಹೊರಗೆ ಕೆಲವೇ ಮಿಲಿಮೀಟರ್ ಅಗಲದ ಎಪಿಡ್ಯೂರಲ್ ಜಾಗವಿದ್ದು, ಅಲ್ಲಿಗೆ ಕ್ಯಾತಿಟರ್, ಅಂದರೆ ಒಂದು ಮಿಲಿಮೀಟರಿಗಿಂತಲೂ ಸಪೂರವಾದ ನಳಿಕೆಯನ್ನು ತೂರಿಸಿಟ್ಟರೆ ಶಸ್ತ್ರಕ್ರಿಯೆಯ ಬಳಿಕವೂ ನೋವಿನ ಮದ್ದು ಕೊಡುತ್ತಿರಬಹುದು.

ಆ ಜಾಗ ಕಣ್ಣಿಗೆ ಕಾಣುವುದಿಲ್ಲ. ಬೆನ್ನು ಬಾಗಿಸಿ ಕುಳಿತ ರೋಗಿಯ ಕಶೇರುಗಳ ನಡುವೆ ಸೂಜಿ ಇಳಿಸುತ್ತ ವೈದ್ಯರು ಅದಕ್ಕೆ ಸಿಕ್ಕಿಸಿದ ಸಿರಿಂಜನ್ನು ಹೆಬ್ಬೆರಳಿನಿಂದ ಒತ್ತುತ್ತಿರುತ್ತಾರೆ. ಮೂಳೆಗಳನ್ನು ಬಿಗಿದ ಹಳದಿ ಅಸ್ಥಿರಜ್ಜು ದಾಟಿದ ಕ್ಷಣ, ಅದುವರೆಗೆ ಬಿಗಿಯಾಗಿದ್ದ ಒತ್ತು ಒಮ್ಮೆಲೇ ಸಡಿಲವಾಗುತ್ತದೆ. ಅಲ್ಲಿಂದ ಸೂಜಿ ತುಸು ಮುಂದೆ ಸರಿದರೂ ಡ್ಯೂರಾ ತೂತಾಗಿ, ದ್ರವ ಸೋರಿ, ಕುಳಿತಾಗ ಏರಿ ಮಲಗಿದಾಗ ಇಳಿಯುವ ತಲೆನೋವು ಬರಬಹುದು. 1898ರಲ್ಲಿ ಸ್ಪೈನಲ್ ವಿಧಾನವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಜರ್ಮನಿಯ ಆಗಸ್ಟ್ ಬಿಯರ್ ಅನುಭವಿಸಿದ್ದೂ ಇಂಥದೇ ತಲೆನೋವನ್ನು.

ನಳಿಕೆ ರಕ್ತನಾಳವನ್ನು ಹೊಕ್ಕರೆ ಅಪಾಯ ದೊಡ್ಡದು. ಮದ್ದು ಮಿದುಳನ್ನೂ ಹೃದಯವನ್ನೂ ತಲುಪಿ ಅಪಸ್ಮಾರದಂಥ ಸೆಳೆತ ಬರಿಸಬಲ್ಲದು. ಆದ್ದರಿಂದ ಮೊದಲು 15 ಮೈಕ್ರೋಗ್ರಾಂ ಅಡ್ರಿನಲಿನ್ ಬೆರೆಸಿದ 3 ಮಿಲಿಲೀಟರ್ ಮದ್ದನ್ನು ಮಾತ್ರ ಕೊಟ್ಟು ನಾಡಿ ಏರಿತೇ, ನಳಿಕೆ ಡ್ಯೂರಾ ದಾಟಿ ಕಾಲು ಬೇಗನೆ ಜೋಮು ಹಿಡಿಯಿತೇ, ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ ಎಂದು ನೋಡುತ್ತಾರೆ. ಸಂಯುಕ್ತ ವಿಧಾನದ ನಿಜವಾದ ತೊಡಕು ಇರುವುದು ಇಲ್ಲಿಯೇ: ಸ್ಪೈನಲ್ ಕೊಟ್ಟಿದ್ದರೆ ಕಾಲು ಆಗಲೇ ಜೋಮು ಹಿಡಿದಿರುವುದರಿಂದ ಪರೀಕ್ಷೆ ಅಸ್ಪಷ್ಟವಾಗುತ್ತದೆ, ಪೂರ್ಣ ಅರಿವಳಿಕೆಯಲ್ಲಿ ರೋಗಿ ಬಾಯಿಬಿಡುವಂತೆಯೇ ಇಲ್ಲ. ವಯಸ್ಕರಲ್ಲಿ ಎಚ್ಚರವಿರುವಾಗಲೇ ನಳಿಕೆ ಹಾಕಬೇಕೆನ್ನುವುದು ಇದಕ್ಕಾಗಿ; ಸೂಜಿ ನರಕ್ಕೆ ತಾಗಿ ಕಾಲಿಗೆ ಕರೆಂಟ್ ಹೊಡೆದಂತಾದರೆ ಅದನ್ನು ಹೇಳಬಲ್ಲವನು ರೋಗಿಯೊಬ್ಬನೇ. ತುಳು, ಕನ್ನಡ, ಮಲಯಾಳಂ, ಬ್ಯಾರಿ, ಕೊಂಕಣಿಗಳೆಲ್ಲ ಮನೆಮಾತಾಗಿರುವ, ಕೇರಳ-ಕರ್ನಾಟಕ ಗಡಿಯ ಕಾಸರಗೋಡಿನಲ್ಲಿ ಹಾಗೇನಾದರೂ ಆಯಿತೇ ಎಂಬ ಪ್ರಶ್ನೆಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಕೇಳುವುದು ಸೌಜನ್ಯವಷ್ಟೇ ಅಲ್ಲ, ಚಿಕಿತ್ಸೆಯ ಭಾಗವೇ ಆಗಿದೆ.

ಅಪರೂಪವಾದರೂ ಅತ್ಯಂತ ಗಂಭೀರವಾದ ತೊಡಕೆಂದರೆ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬೆನ್ನುಹುರಿಯನ್ನು ಒತ್ತುವುದು. ರಕ್ತ ತೆಳುವಾಗಿಸುವ ಮದ್ದು ಸೇವಿಸುವವರಲ್ಲಿ ಈ ಭಯ ಹೆಚ್ಚಿರುವುದರಿಂದ ನಳಿಕೆ ಹಾಕುವಾಗಿನಷ್ಟೇ ಎಚ್ಚರ ತೆಗೆಯುವಾಗಲೂ ಬೇಕು. ಕಾಲುಗಳ ಶಕ್ತಿ ಕುಂದತೊಡಗಿದ ಸುಮಾರು 8 ಗಂಟೆಯೊಳಗೆ ಶಸ್ತ್ರಕ್ರಿಯೆ ನಡೆದರೆ ಚೇತರಿಕೆಯ ಆಸೆ ಹೆಚ್ಚು. ತಜ್ಞ ಚಿಕಿತ್ಸೆಗಾಗಿ 50 ಕಿಲೋಮೀಟರ್ ದೂರದ ಮಂಗಳೂರನ್ನು ನಂಬಿರುವ, 2020ರಲ್ಲಿ ಕೋವಿಡ್ ಕಾಲದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯೂ ಕಡಿದುಹೋದದ್ದನ್ನು ಕಂಡ ಕಾಸರಗೋಡಿಗೆ ಈ ಗಂಟೆಗಳ ಬೆಲೆಯನ್ನು ವಿವರಿಸಬೇಕಿಲ್ಲ. ಎಪಿಡ್ಯೂರಲ್ ಪಡೆದವರ ಕಾಲು ಮದ್ದು ಇಳಿದ ಮೇಲೂ ಎತ್ತಲಾಗದಿದ್ದರೆ, ಬೆನ್ನು ವಿಪರೀತ ನೋಯುತ್ತಿದ್ದರೆ, ಮೂತ್ರ ಕಟ್ಟಿದರೆ, ಬೆಳಗಾಗಲೆಂದು ಕಾಯದೆ ವೈದ್ಯರಿಗೆ ಕೂಡಲೇ ತಿಳಿಸಬೇಕು.