ಪಂಪಿನ ಗಂಟೆ ಹಂಚುವ ಲೆಕ್ಕ ಮತ್ತು ಕ್ವಾಂಟಂ ಗಣಕ



ಬಂಗಾರಪೇಟೆ, ಕೆ.ಜಿ.ಎಫ್. ಸುತ್ತಿನಲ್ಲಿ ಭೂಮಿಗಿಂತ ನೀರಿಗೇ ಕೊರತೆ. ಕೊಳವೆಬಾವಿಯ ನೀರನ್ನು ಯಾವ ತಾಕಿಗೆ ಕೊಡುವುದು, ಯಾವುದನ್ನು ಬಿಡುವುದು ಎಂಬುದೇ ಇಲ್ಲಿನ ಬೇಸಾಯದ ದೊಡ್ಡ ಪ್ರಶ್ನೆ. ಇಂತಹ ಲೆಕ್ಕಗಳಿಗೆ ಕ್ವಾಂಟಂ ಗಣಕ ಬರಲಿದೆಯೆಂಬ ಸುದ್ದಿಯನ್ನು ತಾವು ಕೇಳಿರಬಹುದು.

ಮೊದಲು ಲೆಕ್ಕವನ್ನೇ ನೋಡೋಣ. ದಿನಕ್ಕೆ 6 ಗಂಟೆ ಪಂಪು ನಡೆಯುವುದೆಂದಿಟ್ಟುಕೊಳ್ಳಿ. ಟೊಮೆಟೊ ತಾಕಿಗೆ 4 ಗಂಟೆ ನೀರು ಬೇಕು. ಹಂಗಾಮಿನ ಲಾಭ 9 ಸಾವಿರ ರೂಪಾಯಿ. ಹಿಪ್ಪುನೇರಳೆಗೂ ಹುರುಳಿಕಾಯಿಗೂ ತಲಾ 3 ಗಂಟೆ. ಲಾಭ ತಲಾ 6 ಸಾವಿರ. (ಅಂಕಿಗಳು ಉದಾಹರಣೆಗೆ ಮಾತ್ರ.) ಗಂಟೆಗೆ ಹೆಚ್ಚು ಲಾಭ ಟೊಮೆಟೊದ್ದೇ. ಆದರೆ ಅದನ್ನು ಆರಿಸಿದರೆ ಉಳಿದ 2 ಗಂಟೆ ಯಾವ ತಾಕಿಗೂ ಸಾಲದು. ಒಟ್ಟು 9 ಸಾವಿರವಷ್ಟೇ. ಅದನ್ನು ಬಿಟ್ಟು ಉಳಿದೆರಡನ್ನು ಬೆಳೆದರೆ 12 ಸಾವಿರ!

ಒಂದೊಂದು ತಾಕು ಸೇರಿದಂತೆಲ್ಲ ಆಯ್ಕೆಗಳು ಇಮ್ಮಡಿಯಾಗುತ್ತವೆ. 3 ತಾಕಿಗೆ 8, 10ಕ್ಕೆ 1,024, 30ಕ್ಕೆ 107 ಕೋಟಿಗೂ ಮಿಕ್ಕಿ. ಸಾಮಾನ್ಯ ಗಣಕ ಇವನ್ನೆಲ್ಲ ಎಣಿಸುವುದಿಲ್ಲ. ಪ್ರಯೋಜನವಿಲ್ಲದ ಗುಂಪುಗಳನ್ನು ಇಡಿಯಾಗಿ ತಳ್ಳಿಹಾಕಿ ಬೇಗನೆ ಉತ್ತರ ಕೊಡುವುದು. ಗುಂಟೆಗಳ ಲೆಕ್ಕದಲ್ಲಿ ಭೂಮಿ ಹಂಚುವುದಾದರೆ 1947ರಲ್ಲಿ ಜಾರ್ಜ್ ಡಾಂಟ್ಜಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನವೇ ಸಾಕು. ತೊಡಕಿರುವುದು ಆಯ್ಕೆಗಳು ಒಂದಕ್ಕೊಂದು ಹೆಣೆದುಕೊಂಡಾಗ. ನೆರೆಯವರ ಕೊಳವೆಬಾವಿ ನಿಮ್ಮ ನೀರನ್ನು ಎಳೆಯುವುದು, ಎಲ್ಲರೂ ಟೊಮೆಟೊ ತಂದಾಗ ಮಂಡಿಯಲ್ಲಿ ಬೆಲೆ ಕುಸಿಯುವುದು ಇಂತಹವು.

ಇಲ್ಲಿ ಎರಡು ಗಣಕಗಳನ್ನು ಜೋಡಿಸುವ ಒಂದು ಕ್ರಮವನ್ನು 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಸೂಚಿಸಿದರು. ಕ್ವಾಂಟಂ ಯಂತ್ರದ ಘಟಕವಾದ ಕ್ಯೂಬಿಟ್ 'ಹೌದು', 'ಇಲ್ಲ' ಎರಡರ ಮಿಶ್ರ ಸ್ಥಿತಿಯಲ್ಲಿರಬಲ್ಲದು. ತಾಕಿಗೊಂದು ಕ್ಯೂಬಿಟ್ ಎನ್ನಿ. ಅಳೆದಾಗ ಸಿಗುವುದು ಒಂದೇ ಆಯ್ಕೆ. ಹಾಗೆ ಹಲವು ಸಲ ಅಳೆದು ಬಂದುದನ್ನು ಸಾಮಾನ್ಯ ಗಣಕ ತೂಗಿನೋಡಿ, ಕ್ವಾಂಟಂ ಯಂತ್ರದ ಹೊಂದಾಣಿಕೆಯನ್ನು ತುಸು ಬದಲಿಸಿ, ಪುನಃ ನಡೆಸುವುದು. ಒಳ್ಳೆಯ ಆಯ್ಕೆಗಳು ಹೆಚ್ಚು ಸಲ ಬೀಳಲಿ ಎಂಬುದೇ ಉದ್ದೇಶ. ಎಲ್ಲವನ್ನೂ ಒಮ್ಮೆಗೇ ನೋಡಿ ಉತ್ತರ ಹೇಳುವುದೆಂಬ ಮಾತು ಸರಿಯಲ್ಲ.

ಕ್ಯೂಬಿಟ್ ಬಲು ನಾಜೂಕು. ಶಾಖವಷ್ಟೇ ಅಲ್ಲ, ಆಕಾಶದಿಂದ ಬೀಳುವ ವಿಶ್ವಕಿರಣಗಳೂ ಅದನ್ನು ಕೆಡಿಸುತ್ತವೆ. (1965ರಲ್ಲಿ ಕೆ.ಜಿ.ಎಫ್. ಗಣಿಯಾಳದಲ್ಲಿ ನ್ಯೂಟ್ರಿನೊ ಪತ್ತೆ ನಡೆದದ್ದು ಈ ಕಿರಣಗಳ ಕಾಟ ತಪ್ಪಿಸಲೆಂದೇ.) 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದರ ಒಂದು ಕೇಂದ್ರ. ಆದರೆ ನಿಮ್ಮ ತಾಕಿನ ಲೆಕ್ಕಕ್ಕೆ ಇಂದು ಸಾಮಾನ್ಯ ಗಣಕವೇ ಮೇಲು. ಕ್ವಾಂಟಂ ಹೆಸರಿನಲ್ಲಿ ಸಲಹೆ ಮಾರಲು ಬಂದವರಿಗೆ ಸಾಲ ಮಾಡಿ ಹಣ ಕೊಡಬೇಡಿ.

ಯಾವ ಗಣಕವಾದರೂ ಕೇಳುವುದು ತಮ್ಮ ಹೊಲದ ಅಂಕಿಯನ್ನೇ. ಪಂಪಿನ ಬಾಯಿಗೆ 200 ಲೀಟರಿನ ಪೀಪಾಯಿ ಹಿಡಿಯಿರಿ. ತುಂಬಲು 100 ಸೆಕೆಂಡು ಬೇಕಾದರೆ ಗಂಟೆಗೆ 7,200 ಲೀಟರು. ತಾಕುವಾರು ಪಂಪಿನ ಗಂಟೆ, ಖರ್ಚು, ಮಾರಿದ ಬೆಲೆಗಳನ್ನು ಪುಸ್ತಕದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ನೀರು ಅಳೆದರೆ ಸಾಕು. ಬೇಸಿಗೆಯಲ್ಲಿ ಮಾತ್ರ 15 ದಿನಕ್ಕೊಮ್ಮೆ ಅಳೆಯುವುದು ಲೇಸು.